ಹಿಮದ ಹಾದಿಯ ಗುರುತುಗಳು

ದಾರಿಯಿಲ್ಲದ ನಾಡಿನಲ್ಲಿ ನಡೆಯುವವನಿಗೆ ದಾರಿಗುರುತಿಗಿಂತ ಹತ್ತಿರದ ನೆಂಟನಿಲ್ಲ. ಮರಗಿಡಗಳಿಲ್ಲದ ಬೆಟ್ಟದ ನೆತ್ತಿಯಲ್ಲಿ, ಹೆಜ್ಜೆ ಮೂಡದ ಬಂಡೆಗಳ ಮೇಲೆ, ಮಂಜು ಕವಿದು ದಿಕ್ಕು ತಪ್ಪುವ ಬಯಲಿನಲ್ಲಿ, ಹಿಂದೆ ನಡೆದವರು ನಾಲ್ಕಾರು ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿಟ್ಟು ಹೋಗಿರುತ್ತಾರೆ. ಒಂದು ಕಲ್ಲುಗುಪ್ಪೆಯ ಬಳಿ ನಿಂತರೆ ಮುಂದಿನದು ಕಣ್ಣಿಗೆ ಬೀಳುವಂತೆ ಅವನ್ನು ಕಟ್ಟುವುದು ವಾಡಿಕೆ. ಹೀಗೆ ಒಂದರಿಂದ ಇನ್ನೊಂದಕ್ಕೆ ಸಾಗುತ್ತ, ಹಿಂದೆಂದೂ ಕಾಣದ ನೆಲದಲ್ಲಿಯೂ ದಾರಿಗನು ಕ್ಷೇಮವಾಗಿ ಊರು ಸೇರುತ್ತಾನೆ. ಯುರೋಪಿನ ಪರ್ವತಗಳಲ್ಲಿಯೂ ಹಿಮಾಲಯದ ಕಣಿವೆಗಳಲ್ಲಿಯೂ ಇಂತಹ ಗುಪ್ಪೆಗಳಿವೆ. ಉತ್ತರ ಧ್ರುವಕ್ಕೆ ಸಮೀಪದ ನಾಡುಗಳಲ್ಲಿ ವಾಸಿಸುವ ಇನ್ಯೂಟ್ ಜನರು ನೂರಾರು ವರ್ಷಗಳಿಂದ ಇವನ್ನು ಕಟ್ಟುತ್ತ ಬಂದಿದ್ದಾರೆ. ಅವರ ನುಡಿಯಲ್ಲಿ ಇವುಗಳಿಗೆ ಇನುಕ್ಶುಕ್ ಎಂದು ಹೆಸರು. ಕಟ್ಟುವವನಿಗೆ ಅಲ್ಪ ಹೊತ್ತಿನ ಕೆಲಸವಾದ ಈ ಗುಪ್ಪೆಯು ಬಳಲಿ ಬಂದವನ ಪ್ರಾಣವನ್ನೇ ಉಳಿಸಬಲ್ಲುದು. ಆದುದರಿಂದಲೇ ಅದನ್ನು ಆಟಕ್ಕೆಂದು ಕೆಡಹುವುದಾಗಲಿ, ಬೇಡದ ಕಡೆಯಲ್ಲಿ ಮತ್ತೊಂದನ್ನು ಕಟ್ಟುವುದಾಗಲಿ ಬೆಟ್ಟದ ನಡಿಗೆಯವರಲ್ಲಿ ದೊಡ್ಡ ತಪ್ಪೆನಿಸುತ್ತದೆ.

ಆದರೆ ಕಲ್ಲೇ ಇಲ್ಲದ ನಾಡಿನಲ್ಲಿ ಗುಪ್ಪೆಯನ್ನು ಯಾವುದರಿಂದ ಕಟ್ಟಬೇಕು? ನೂರಾರು ಕಿಲೋಮೀಟರ್ ದೂರ ಬಿಳಿಯ ಹಿಮವಲ್ಲದೆ ಬೇರೇನೂ ಕಾಣದ ಬಯಲಿನಲ್ಲಿ ಹೋದ ದಾರಿಯನ್ನೇ ಹಿಡಿದು ಮರಳಿ ಬರುವ ಬಗೆ ಹೇಗೆ? ದಕ್ಷಿಣ ಧ್ರುವವನ್ನು ಮೊಟ್ಟಮೊದಲು ಮುಟ್ಟಿದ ನಾರ್ವೆ ದೇಶದ ರೋಲ್ಡ್ ಅಮುಂಡ್‌ಸೆನ್ನನು ಈ ಪ್ರಶ್ನೆಗೆ ತನ್ನ ಕೆಲಸದಿಂದಲೇ ಉತ್ತರ ಕೊಟ್ಟನು. ಧ್ರುವದ ಮೇಲೆ ಆತನು ನೆಟ್ಟ ಧ್ವಜವನ್ನು ಲೋಕವೆಲ್ಲ ನೆನೆಯುತ್ತದೆ. ಆ ಧ್ವಜದವರೆಗೆ ಹೋಗುವಾಗ ದಾರಿಯುದ್ದಕ್ಕೂ ಆತನು ನಿಲ್ಲಿಸಿದ ಗುರುತುಗಳ ಕಥೆ ಅಷ್ಟು ಪ್ರಸಿದ್ಧವಲ್ಲ. ಆತನ ಹಿರಿಮೆಯನ್ನು ಅರಿಯಲು ಆ ಕಥೆಯನ್ನೇ ತಿಳಿಯಬೇಕು.

ಅಮುಂಡ್‌ಸೆನ್ನನು 1872ನೆಯ ಇಸವಿ ಜುಲೈ 16ರಂದು ನಾರ್ವೆಯ ಬೋರ್ಗೆ ಎಂಬಲ್ಲಿ ಜನಿಸಿದನು. ಆತನದು ಹಡಗುಗಳನ್ನು ಹೊಂದಿದ್ದ ನಾವಿಕರ ಮನೆತನ. ಹದಿನಾಲ್ಕನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡನು. ಮಗನು ವೈದ್ಯನಾಗಬೇಕೆಂಬುದು ತಾಯಿಯ ಬಯಕೆ. ಆದರೆ ಬಾಲಕನ ಮನಸ್ಸು ಬೇರೆ ಕಡೆಗೆ ಹರಿದಿತ್ತು. ಬ್ರಿಟಿಷ್ ಅನ್ವೇಷಕ ಸರ್ ಜಾನ್ ಫ್ರಾಂಕ್ಲಿನ್ನನು ಬರೆದ ಪ್ರವಾಸಕಥನಗಳು ಹದಿನೈದನೆಯ ವಯಸ್ಸಿನಲ್ಲಿ ಆತನ ಕೈಗೆ ಬಂದವು. ಅವುಗಳಲ್ಲಿನ ಹಸಿವು, ಚಳಿ, ಸಂಕಟಗಳ ವರ್ಣನೆಯು ಬಾಲಕನನ್ನು ಹೆದರಿಸಲಿಲ್ಲ. ತಾನೂ ಧ್ರುವಪ್ರದೇಶದ ಅನ್ವೇಷಕನಾಗಬೇಕೆಂಬ ಹಂಬಲವನ್ನು ಬಿತ್ತಿತು. ಅಂದಿನಿಂದ ಆತನು ಮೈಯನ್ನು ಪಳಗಿಸಲು ತೊಡಗಿ, ಚಳಿಗಾಲದ ರಾತ್ರಿಗಳಲ್ಲಿಯೂ ಕಿಟಕಿಯನ್ನು ತೆರೆದಿಟ್ಟು ಮಲಗುತ್ತಿದ್ದನು. ತಾಯಿಯ ಮನಸ್ಸನ್ನು ನೋಯಿಸಲಾರದೆ ವೈದ್ಯವಿದ್ಯಾಲಯವನ್ನು ಸೇರಿದ್ದರೂ, 1893ರಲ್ಲಿ ಆಕೆ ತೀರಿಕೊಂಡ ಮೇಲೆ ಆ ವ್ಯಾಸಂಗವನ್ನು ತೊರೆದನು.

ಫ್ರಾಂಕ್ಲಿನ್ನನ ಕೊನೆಯ ಪ್ರಯಾಣದ ಕಥೆಯೂ ಒಂದು ಕಲ್ಲುಗುಪ್ಪೆಯೊಡನೆ ಹೆಣೆದುಕೊಂಡಿದೆ. ಅಟ್ಲಾಂಟಿಕ್ ಸಾಗರದಿಂದ ಪೆಸಿಫಿಕ್ ಸಾಗರಕ್ಕೆ ಕೆನಡಾದ ಉತ್ತರದಲ್ಲಿ ಜಲಮಾರ್ಗವನ್ನು ಹುಡುಕಲೆಂದು ಆತನು 1845ರಲ್ಲಿ ಎರಡು ಹಡಗುಗಳೊಡನೆ ಹೊರಟನು. ಹಡಗುಗಳು ಹಿಮದಲ್ಲಿ ಸಿಕ್ಕಿಕೊಂಡವು. ಆತನೂ ಸೇರಿದಂತೆ 129 ಜನರಲ್ಲಿ ಒಬ್ಬನೂ ಮರಳಲಿಲ್ಲ. ಅನೇಕ ವರ್ಷ ಹುಡುಕಿದ ಬಳಿಕ, 1859ರಲ್ಲಿ ಕಿಂಗ್ ವಿಲಿಯಂ ದ್ವೀಪದ ಒಂದು ಕಲ್ಲುಗುಪ್ಪೆಯೊಳಗೆ ಒಂದು ಕಾಗದ ದೊರೆಯಿತು. ಫ್ರಾಂಕ್ಲಿನ್ನನು 1847ರ ಜೂನ್ ತಿಂಗಳಿನಲ್ಲಿ ತೀರಿಕೊಂಡನೆಂಬುದೂ, ಉಳಿದವರು 1848ರ ಏಪ್ರಿಲ್ ತಿಂಗಳಿನಲ್ಲಿ ಹಡಗುಗಳನ್ನು ಬಿಟ್ಟು ಕಾಲ್ನಡಿಗೆಯಲ್ಲಿ ದಕ್ಷಿಣಕ್ಕೆ ಹೊರಟರೆಂಬುದೂ ಅದರಿಂದಲೇ ಲೋಕಕ್ಕೆ ತಿಳಿದದ್ದು. ಕಲ್ಲಿನ ಆ ಗುಪ್ಪೆ ಇಲ್ಲದಿದ್ದರೆ ಅವರ ಕೊನೆಯ ಸುದ್ದಿಯೂ ಹಿಮದಲ್ಲಿ ಹೂತುಹೋಗುತ್ತಿತ್ತು.

ದಾರಿಗುರುತಿಲ್ಲದ ನೆಲವು ಎಂತಹುದೆಂಬುದನ್ನು ಅಮುಂಡ್‌ಸೆನ್ನನು ತನ್ನ ನಾಡಿನಲ್ಲಿಯೇ ಕಲಿತನು. ನಾರ್ವೆಯಲ್ಲಿ ಹಾರ್ಡಂಗರ್‌ವಿಡ್ಡ ಎಂಬ ವಿಶಾಲವಾದ ಪ್ರಸ್ಥಭೂಮಿಯಿದೆ. ಚಳಿಗಾಲದಲ್ಲಿ ಅಲ್ಲಿ ಜನಸಂಚಾರವಿರಲಿಲ್ಲ. 1896ರ ಚಳಿಗಾಲದಲ್ಲಿ ಆತನು ತನ್ನ ಸೋದರನೊಡನೆ ಕಾಲಿಗೆ ಸ್ಕೀ ಹಲಗೆಗಳನ್ನು ಕಟ್ಟಿಕೊಂಡು ಅದನ್ನು ದಾಟಲು ಹೊರಟನು. ಹಿಮದ ಬಿರುಗಾಳಿಯಲ್ಲಿ ಇಬ್ಬರೂ ದಾರಿ ತಪ್ಪಿದರು. ರಾತ್ರಿ ಹಿಮದಲ್ಲಿ ಇಟ್ಟು ಮಲಗಿದ್ದ ಬುತ್ತಿಯ ಚೀಲಗಳು ಬೆಳಿಗ್ಗೆ ಎಷ್ಟು ಅಗೆದರೂ ಸಿಗಲಿಲ್ಲ. ಮತ್ತೊಂದು ರಾತ್ರಿ ಅಮುಂಡ್‌ಸೆನ್ನನು ಹಿಮದಲ್ಲಿ ತೋಡಿಕೊಂಡ ಗುಳಿಯಲ್ಲಿ ಮಲಗಿರಲು, ಸುತ್ತಣ ಹಿಮವು ಗಡ್ಡೆಕಟ್ಟಿ ಆತನು ಅಲುಗಾಡಲಾರದಂತಾದನು. ಸೋದರನು ಅಗೆದು ಹೊರಕ್ಕೆ ತೆಗೆಯದಿದ್ದರೆ ಆತನ ಬಾಳು ಅಲ್ಲಿಗೇ ಮುಗಿಯುತ್ತಿತ್ತು. ಹಲವು ದಿನ ಅಲೆದ ಬಳಿಕ ಅವರು ತಲುಪಿದ್ದು ತಾವು ಹೊರಟಿದ್ದ ಕಡೆಯ ಒಕ್ಕಲುಮನೆಯನ್ನೇ. ಧ್ರುವಪ್ರದೇಶಗಳಿಗೆ ಹೋಲಿಸಿದರೆ ಈ ಬಯಲು ಬಹಳ ಚಿಕ್ಕದು. ಆದರೆ ಇಲ್ಲಿ ಕಲಿತ ಪಾಠ ಚಿಕ್ಕದಾಗಿರಲಿಲ್ಲ.

1897ರಲ್ಲಿ ಅಮುಂಡ್‌ಸೆನ್ನನು ಬೆಲ್ಜಿಯಂ ದೇಶದ ಬೆಲ್ಜಿಕಾ ಎಂಬ ಹಡಗಿನಲ್ಲಿ ಅಧಿಕಾರಿಯಾಗಿ ಅಂಟಾರ್ಕ್ಟಿಕಕ್ಕೆ ತೆರಳಿದನು. ಆ ಹಡಗು ಸುಮಾರು ಒಂದು ವರ್ಷ ಹಿಮದಲ್ಲಿ ಸೆರೆಯಾಯಿತು. ತಾಜಾ ಆಹಾರವಿಲ್ಲದೆ ಜನರು ಸ್ಕರ್ವಿ ರೋಗಕ್ಕೆ ತುತ್ತಾದರು. ಹಡಗಿನ ವೈದ್ಯನಾದ ಫ್ರೆಡರಿಕ್ ಕುಕ್ಕನು ಸೀಲ್ ಮತ್ತು ಪೆಂಗ್ವಿನ್‌ಗಳ ತಾಜಾ ಮಾಂಸವನ್ನು ತಿನ್ನಿಸಿ ಅವರನ್ನು ಬದುಕಿಸಿದನು. ಈ ಅನುಭವವೂ ಅಮುಂಡ್‌ಸೆನ್ನನ ಮನಸ್ಸಿನಲ್ಲಿ ಅಚ್ಚೊತ್ತಿತು.

ಬಳಿಕ ಆತನು 1903ರಲ್ಲಿ ಯೋವಾ ಎಂಬ ಚಿಕ್ಕ ಹಡಗನ್ನೇರಿ, ಆರು ಜನ ಸಂಗಡಿಗರೊಡನೆ, ಫ್ರಾಂಕ್ಲಿನ್ನನನ್ನು ಬಲಿತೆಗೆದುಕೊಂಡ ಅದೇ ಜಲಮಾರ್ಗವನ್ನು ಅರಸುತ್ತ ಹೊರಟನು. ಕಿಂಗ್ ವಿಲಿಯಂ ದ್ವೀಪದ ಒಂದು ಕೊಲ್ಲಿಯಲ್ಲಿ ಎರಡು ಚಳಿಗಾಲಗಳನ್ನು ಕಳೆದನು. ಅಲ್ಲಿನ ನೆಟ್ಸಿಲಿಕ್ ಇನ್ಯೂಟ್ ಜನರು ಆತನ ಗುರುಗಳಾದರು. ಚರ್ಮದ ಉಡುಪನ್ನು ಸಡಿಲವಾಗಿ ತೊಡುವುದು, ನಾಯಿಗಳನ್ನು ಕಟ್ಟಿದ ಸ್ಲೆಜ್ ಬಂಡಿಯನ್ನು ಓಡಿಸುವುದು, ಹಿಮವನ್ನು ಇಟ್ಟಿಗೆಗಳಂತೆ ಕೊರೆದು ಮನೆ ಕಟ್ಟುವುದು, ಇವೆಲ್ಲವನ್ನೂ ಆತನು ಅವರಿಂದ ವಿನಯದಿಂದ ಕಲಿತನು. ಅಂದಿನ ಅನೇಕ ಯುರೋಪಿಯನ್ನರು ಆ ಜನರನ್ನು ಅನಾಗರಿಕರೆಂದು ಎಣಿಸುತ್ತಿದ್ದರು. ಹಿಮದ ನಾಡಿನಲ್ಲಿ ಬಾಳಿ ತೋರಿಸಿದವರೇ ಹಿಮದ ವಿಷಯದಲ್ಲಿ ಪಂಡಿತರೆಂಬುದು ಅಮುಂಡ್‌ಸೆನ್ನನ ನಿಲುವು. 1906ರಲ್ಲಿ ಆತನು ಆ ಮಾರ್ಗವನ್ನು ಪೂರೈಸಿ ಅಲಾಸ್ಕದ ನೋಮ್ ಪಟ್ಟಣವನ್ನು ತಲುಪಿದನು. ಹಡಗಿನಲ್ಲಿ ಆ ಮಾರ್ಗವನ್ನು ಕೊನೆಮುಟ್ಟಿಸಿದವರಲ್ಲಿ ಆತನೇ ಮೊದಲಿಗನು.

ಅಮುಂಡ್‌ಸೆನ್ನನ ಮುಂದಿನ ಗುರಿ ಉತ್ತರ ಧ್ರುವವಾಗಿತ್ತು. ಅದಕ್ಕಾಗಿ ಹಿರಿಯ ಅನ್ವೇಷಕನಾದ ನಾನ್ಸೆನ್ನನಿಂದ ಫ್ರಾಮ್ ಎಂಬ ಹಡಗನ್ನೂ ಪಡೆದಿದ್ದನು. ಅಷ್ಟರಲ್ಲಿ, 1909ರಲ್ಲಿ, ಕುಕ್ ಮತ್ತು ಪಿಯರಿ ಎಂಬ ಇಬ್ಬರು ತಾವು ಉತ್ತರ ಧ್ರುವವನ್ನು ಮುಟ್ಟಿದುದಾಗಿ ಸಾರಿದರು. ಆಗ ಅಮುಂಡ್‌ಸೆನ್ನನು ಗುಟ್ಟಾಗಿ ತನ್ನ ಗುರಿಯನ್ನು ದಕ್ಷಿಣಕ್ಕೆ ತಿರುಗಿಸಿದನು. ಹಣ ಕೊಟ್ಟವರಿಗಾಗಲಿ, ಹಡಗು ಕೊಟ್ಟ ನಾನ್ಸೆನ್ನನಿಗಾಗಲಿ, ಸಂಗಡಿಗರಲ್ಲಿ ಬಹುಮಂದಿಗಾಗಲಿ ಇದನ್ನು ತಿಳಿಸಲಿಲ್ಲ. 1910ರಲ್ಲಿ ಹಡಗು ಮಡೀರ ದ್ವೀಪವನ್ನು ಬಿಡುವಾಗಲಷ್ಟೆ ವಿಷಯ ಹೊರಬಿದ್ದಿತು. ಅದೇ ವೇಳೆಗೆ ದಕ್ಷಿಣ ಧ್ರುವಕ್ಕೆಂದು ಹೊರಟಿದ್ದ ಬ್ರಿಟಿಷ್ ನೌಕಾಪಡೆಯ ಕ್ಯಾಪ್ಟನ್ ಸ್ಕಾಟನಿಗೂ ತಂತಿಯ ಮೂಲಕ ಸುದ್ದಿ ಮುಟ್ಟಿತು. ಈ ಮುಚ್ಚುಮರೆಯನ್ನು ಅನೇಕರು ಆಗಲೂ ಒಪ್ಪಲಿಲ್ಲ, ಮುಂದೆಯೂ ಒಪ್ಪಲಿಲ್ಲ. ದೊಡ್ಡವರ ಬಾಳಿನಲ್ಲಿಯೂ ಮೆಚ್ಚಲಾಗದ ನಡೆಗಳಿರುತ್ತವೆ.

1911ರ ಜನವರಿಯಲ್ಲಿ ಫ್ರಾಮ್ ಹಡಗು ಅಂಟಾರ್ಕ್ಟಿಕದ ತಿಮಿಂಗಿಲಗಳ ಕೊಲ್ಲಿಯನ್ನು ಸೇರಿತು. ಅಲ್ಲಿಂದ ದಕ್ಷಿಣಕ್ಕೆ ರಾಸ್ ಹಿಮಹಾಸು ಹರಡಿದೆ. ಇದು ನೆಲವಲ್ಲ, ಸಮುದ್ರದ ಮೇಲೆ ತೇಲುವ, ನೂರಾರು ಮೀಟರ್ ದಪ್ಪದ ಹಿಮದ ಹಾಸು. ಅದರ ವಿಸ್ತಾರ ಹೆಚ್ಚುಕಡಿಮೆ ಫ್ರಾನ್ಸ್ ದೇಶದಷ್ಟು. ಅಲ್ಲಿ ಕಲ್ಲಿಲ್ಲ, ಮಣ್ಣಿಲ್ಲ, ಹುಲ್ಲಿನ ಎಸಳೂ ಇಲ್ಲ. ಮೋಡ ಕವಿದರೆ ಆಕಾಶಕ್ಕೂ ನೆಲಕ್ಕೂ ಭೇದ ತಿಳಿಯುವುದಿಲ್ಲ. ಗಾಳಿ ಬೀಸಿದರೆ ಬಂಡಿಯ ಜಾಡು ಗಳಿಗೆಯೊಳಗೆ ಅಳಿಸಿಹೋಗುತ್ತದೆ. ಇಂತಹ ಕಡೆಯಲ್ಲಿ ಫ್ರಾಮ್‌ಹೈಮ್ ಎಂದು ಹೆಸರಿಟ್ಟ ಮರದ ಮನೆಯನ್ನು ನಿಲ್ಲಿಸಿಕೊಂಡು, ಒಂಬತ್ತು ಜನರು ಸುಮಾರು ನೂರು ಗ್ರೀನ್‌ಲೆಂಡ್ ನಾಯಿಗಳೊಡನೆ ನೆಲೆಸಿದರು.

ಧ್ರುವಕ್ಕೆ ಹೋಗಿ ಬರಲು ಬೇಕಾದ ಆಹಾರವನ್ನೆಲ್ಲ ಒಮ್ಮೆಗೇ ಎಳೆದೊಯ್ಯುವುದು ಅಸಾಧ್ಯ. ಆದುದರಿಂದ ಚಳಿಗಾಲಕ್ಕೆ ಮೊದಲೇ ದಾರಿಯಲ್ಲಿ ಉಗ್ರಾಣಗಳನ್ನು ಮಾಡಬೇಕಾಗಿತ್ತು. ಫೆಬ್ರವರಿಯಿಂದ ಏಪ್ರಿಲ್ ವರೆಗೆ ಅವರು ದಕ್ಷಿಣದ 80, 81 ಮತ್ತು 82ನೆಯ ಅಕ್ಷಾಂಶಗಳಲ್ಲಿ ಮೂರು ಉಗ್ರಾಣಗಳನ್ನು ಸ್ಥಾಪಿಸಿ, ಸುಮಾರು ಮೂರು ಟನ್ ಆಹಾರವನ್ನೂ ಸೀಮೆಎಣ್ಣೆಯನ್ನೂ ಕೂಡಿಟ್ಟರು. ಮೊದಲ ಪ್ರಯಾಣದಲ್ಲಿ ದಾರಿಯುದ್ದಕ್ಕೂ ನೆಡಲು ತಂದಿದ್ದ ಬಾವುಟಗಳು ಸಾಲದಾದಾಗ, ನಾಯಿಗಳಿಗೆಂದು ಒಣಗಿಸಿ ತಂದಿದ್ದ ಮೀನುಗಳನ್ನೇ ಹಿಮದಲ್ಲಿ ನಿಲ್ಲಿಸಿ ಗುರುತು ಮಾಡಿದರು. ಕೈಗೆ ಸಿಕ್ಕ ವಸ್ತುವನ್ನೇ ಗುರುತಾಗಿ ಬಳಸುವ ಜಾಣತನ ಅವರಲ್ಲಿತ್ತು.

ಉಗ್ರಾಣವನ್ನು ಮಾಡಿದರಷ್ಟೆ ಸಾಲದು; ಅದು ಮತ್ತೆ ಸಿಗಬೇಕು. ಇದೇ ಕಠಿಣವಾದ ಮಾತು. ಫ್ರಾಮ್‌ಹೈಮ್‌ನಿಂದ 80ನೆಯ ಅಕ್ಷಾಂಶಕ್ಕೆ ಸುಮಾರು 150 ಕಿಲೋಮೀಟರ್ ದೂರ. ನಡೆಯುವವನು ದಿಕ್ಸೂಚಿಯಲ್ಲಿ ಕೇವಲ ಮೂರು ಡಿಗ್ರಿಗಳಷ್ಟು ತಪ್ಪಿದರೂ, ಆ ದೂರವನ್ನು ಮುಗಿಸುವ ಹೊತ್ತಿಗೆ ಉಗ್ರಾಣದಿಂದ ಸುಮಾರು ಎಂಟು ಕಿಲೋಮೀಟರ್ ಪಕ್ಕಕ್ಕೆ ಸರಿದಿರುತ್ತಾನೆ. ಒಂಟಿ ಬಾವುಟವೊಂದು ಅಷ್ಟು ದೂರಕ್ಕೆ ಕಾಣುವುದಿಲ್ಲ. ಇದನ್ನರಿತ ಅಮುಂಡ್‌ಸೆನ್ನನು ಬಾವುಟಗಳನ್ನು ದಾರಿಯ ಉದ್ದಕ್ಕೆ ಮಾತ್ರವಲ್ಲದೆ ದಾರಿಗೆ ಅಡ್ಡಲಾಗಿಯೂ ನೆಡಿಸಿದನು. ಉಗ್ರಾಣದ ಪೂರ್ವಕ್ಕೆ ಹತ್ತು, ಪಶ್ಚಿಮಕ್ಕೆ ಹತ್ತು ಕಪ್ಪು ಬಾವುಟಗಳು. ಒಂದರಿಂದ ಇನ್ನೊಂದಕ್ಕೆ ಸುಮಾರು 900 ಮೀಟರ್ ಅಂತರ. ಹೀಗೆ ಸುಮಾರು 18 ಕಿಲೋಮೀಟರ್ ಅಗಲದ ಬಲೆಯೊಂದು ಹಿಮದ ಮೇಲೆ ಹರಡಿದಂತಾಯಿತು. ದಾರಿಗನು ಎಡಕ್ಕೆ ಸರಿದರೂ ಬಲಕ್ಕೆ ಸರಿದರೂ ಆ ಸಾಲಿನಲ್ಲಿ ಎಲ್ಲಾದರೊಂದು ಕಡೆ ಸಿಕ್ಕಿಬೀಳಲೇಬೇಕು. ಪ್ರತಿಯೊಂದು ಬಾವುಟಕ್ಕೂ ಅಂಕೆ ಹಾಕಲಾಗಿತ್ತು. ಆ ಅಂಕೆಯನ್ನು ನೋಡಿದೊಡನೆ ಉಗ್ರಾಣವು ಯಾವ ದಿಕ್ಕಿನಲ್ಲಿದೆ, ಎಷ್ಟು ದೂರದಲ್ಲಿದೆ ಎಂಬುದು ತಿಳಿಯುತ್ತಿತ್ತು. ಮನುಷ್ಯನು ತಪ್ಪುವುದು ಸಹಜವೆಂದು ಒಪ್ಪಿಕೊಂಡು, ಆ ತಪ್ಪಿನ ಅಳತೆಯನ್ನೂ ಮೊದಲೇ ಲೆಕ್ಕ ಹಾಕಿ ಮಾಡಿದ ಏರ್ಪಾಡು ಇದು.

ಇಷ್ಟೆಲ್ಲ ಎಚ್ಚರವಿದ್ದ ಅಮುಂಡ್‌ಸೆನ್ನನೂ ಒಮ್ಮೆ ಆತುರಪಟ್ಟನು. ಸ್ಕಾಟನು ತನಗಿಂತ ಮೊದಲೇ ಹೊರಟುಬಿಟ್ಟಾನೆಂಬ ಆತಂಕದಿಂದ, ಚಳಿ ಇಳಿಯುವ ಮುನ್ನವೇ, 1911ರ ಸೆಪ್ಟೆಂಬರ್ 8ರಂದು ಪಯಣ ಹೊರಟನು. ಶೈತ್ಯವು ಸೊನ್ನೆಗಿಂತ 56 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯಿತು. ನಾಯಿಗಳು ಸತ್ತವು, ಜನರ ಕಾಲುಗಳು ಹಿಮದಿಂದ ಕೊರೆದುಹೋದವು. ಸಾಮಾನುಗಳನ್ನು 80ನೆಯ ಅಕ್ಷಾಂಶದ ಉಗ್ರಾಣದಲ್ಲಿರಿಸಿ ತಂಡವು ಹಿಂದಿರುಗಿತು. ಮರಳುವಾಗ ನಾಯಕನೇ ಮುಂದೆ ಸಾಗಿ, ಕೆಲವರು ಬಹಳ ಹಿಂದೆ ಉಳಿದರು. ಅವರಲ್ಲೊಬ್ಬನಾದ, ಅನುಭವಿಯಾದ ಯೋಹಾನ್ಸೆನ್ನನು ಎಲ್ಲರೆದುರಿನಲ್ಲಿ ನಾಯಕನನ್ನು ಆಕ್ಷೇಪಿಸಿದನು. ಆ ಮಾತಿನಲ್ಲಿ ನ್ಯಾಯವಿದ್ದರೂ ಅಮುಂಡ್‌ಸೆನ್ನನು ಅದನ್ನು ಸಹಿಸದೆ ಆತನನ್ನು ಧ್ರುವಯಾತ್ರೆಯಿಂದ ಕೈಬಿಟ್ಟನು. ಆದರೂ ಆ ಸೋಲಿನಿಂದ ಪಾಠ ಕಲಿಯದಿರಲಿಲ್ಲ. ಮುಂದಿನ ಸಲ ಹವೆ ಹದವಾಗುವವರೆಗೆ ಕಾದನು.

ಅಕ್ಟೋಬರ್ ಮೂರನೆಯ ವಾರದಲ್ಲಿ ಐವರು ಹೊರಟರು. ಅಮುಂಡ್‌ಸೆನ್ನನ ಜೊತೆಗಿದ್ದವರು ಬ್ಯಾಲಂಡ್, ಹಾನ್ಸೆನ್, ಹಾಸೆಲ್ ಮತ್ತು ವಿಸ್ಟಿಂಗ್. ನಾಲ್ಕು ಬಂಡಿಗಳು, 52 ನಾಯಿಗಳು. ಮೊದಲ ದಿನಗಳಲ್ಲಿಯೇ ಮಂಜಿನಲ್ಲಿ ದಾರಿ ಸ್ವಲ್ಪ ತಪ್ಪಿ ಹಿಮಬಿರುಕುಗಳ ನಡುವೆ ಸಿಕ್ಕಿಕೊಂಡರು. ಬ್ಯಾಲಂಡನ ಬಂಡಿಯೊಂದು ಆಳವಾದ ಬಿರುಕಿನೊಳಕ್ಕೆ ಜಾರಿತು. ಎಲ್ಲರೂ ಸೇರಿ ಬಹು ಕಷ್ಟದಿಂದ ಅದನ್ನು ಮೇಲೆತ್ತಿದರು. ಆದರೂ ಅಡ್ಡಸಾಲಿನ ಬಾವುಟಗಳ ಪುಣ್ಯದಿಂದ ಮೂರು ಉಗ್ರಾಣಗಳೂ ತಪ್ಪದೆ ಸಿಕ್ಕಿದವು.

ಈ ಪ್ರಯಾಣದಲ್ಲಿಯೇ ಅವರು ಹಿಮಗುಪ್ಪೆಗಳನ್ನು ಕಟ್ಟುತ್ತ ಹೋದರು. ಕಲ್ಲಿಲ್ಲದಿದ್ದರೇನು, ಗಟ್ಟಿಯಾದ ಹಿಮವು ಬೇಕಾದಷ್ಟಿತ್ತು. ಅದನ್ನು ಇಟ್ಟಿಗೆಗಳಂತೆ ಕೊರೆದು, ಒಂದರ ಮೇಲೊಂದಿಟ್ಟು, ಆಳೆತ್ತರದ ಗುಪ್ಪೆಯನ್ನು ನಿಲ್ಲಿಸುತ್ತಿದ್ದರು. ಮೊದಮೊದಲು ದೂರದೂರಕ್ಕೆ, ಮುಂದೆ ಸುಮಾರು ಐದು ಕಿಲೋಮೀಟರಿಗೊಂದರಂತೆ, ಒಟ್ಟು 150 ಗುಪ್ಪೆಗಳನ್ನು ಅವರು ಕಟ್ಟಿದರು. ಅವುಗಳಿಗೆ ತಗುಲಿದ ಹಿಮದ ಇಟ್ಟಿಗೆಗಳು 9,000. ಎಂದರೆ ಒಂದೊಂದು ಗುಪ್ಪೆಗೂ ಸರಾಸರಿ ಅರವತ್ತು. ಪ್ರತಿ ಗುಪ್ಪೆಯೊಳಗೂ ಒಂದು ಕಾಗದವಿತ್ತು. ಆ ಗುಪ್ಪೆಯ ಸಂಖ್ಯೆ, ಅದಿರುವ ಸ್ಥಾನ, ಅದರ ಉತ್ತರಕ್ಕಿರುವ ಮುಂದಿನ ಗುಪ್ಪೆಯ ದಿಕ್ಕು ಮತ್ತು ದೂರ ಅದರಲ್ಲಿ ಬರೆದಿರುತ್ತಿತ್ತು. ಉತ್ತರವೆಂದರೆ ಮನೆಯ ದಿಕ್ಕು. ಮುಂದೆ ಹೋಗುವಾಗಲೇ ಹಿಂದಿರುಗುವ ದಾರಿಯ ವಿವರವನ್ನು ಅವರು ಬರೆದಿಡುತ್ತಿದ್ದರು. ಗುಪ್ಪೆ ಕಟ್ಟಲು ಹಿಡಿಯುತ್ತಿದ್ದ ಹೊತ್ತು ವ್ಯರ್ಥವಾಗಲಿಲ್ಲ. ಆ ಹೊತ್ತಿನಲ್ಲಿ ನಾಯಿಗಳು ದಣಿವಾರಿಸಿಕೊಳ್ಳುತ್ತಿದ್ದವು. ಗೆಲುವಿಗಾಗಿ ಸ್ಪರ್ಧೆಯಲ್ಲಿರುವವನು ದಿನವೂ ಹಲವು ಬಾರಿ ನಿಂತು ಗುಪ್ಪೆ ಕಟ್ಟುವುದು ಅತಿಯಾದ ಎಚ್ಚರವೆಂದು ಕೆಲವರಿಗೆ ತೋರಬಹುದೆಂಬುದು ಅಮುಂಡ್‌ಸೆನ್ನನಿಗೆ ಗೊತ್ತಿತ್ತು. ಕೊನೆಮೊದಲಿಲ್ಲದ ಆ ಬಿಳಿಯ ಬಯಲಿನಲ್ಲಿ ಎಷ್ಟು ಎಚ್ಚರವಿದ್ದರೂ ಅದು ಹೆಚ್ಚಲ್ಲವೆಂದೇ ಆತನು ನಂಬಿದ್ದನು.

ಹಿಮಹಾಸು ಮುಗಿದ ಮೇಲೆ ದೊಡ್ಡ ಪರ್ವತಶ್ರೇಣಿ ಎದುರಾಯಿತು. ಹಿಂದೆ ಯಾರೂ ಏರದ ಕಡಿದಾದ ಹಿಮನದಿಯೊಂದನ್ನು ಏರಿ ಅವರು ಮೇಲಣ ಪ್ರಸ್ಥಭೂಮಿಯನ್ನು ಸೇರಿದರು. ಅಲ್ಲಿ, ಮುಂದಿನ ಪಯಣದ ಆಹಾರಕ್ಕಾಗಿ, ಮೊದಲೇ ಲೆಕ್ಕ ಹಾಕಿದ್ದಂತೆ 24 ನಾಯಿಗಳನ್ನು ಕೊಲ್ಲಬೇಕಾಯಿತು. ಅಷ್ಟು ದಿನ ತಮ್ಮನ್ನು ನಂಬಿ ದುಡಿದ ಪ್ರಾಣಿಗಳನ್ನು ಕೊಲ್ಲುವಾಗ ಆ ಗಟ್ಟಿಮನದವರೂ ಬಹಳ ನೊಂದರು. ಡಿಸೆಂಬರ್ 8ರಂದು ಅವರು ಅದುವರೆಗೆ ಮನುಷ್ಯನು ತಲುಪಿದ್ದ ದಕ್ಷಿಣದ ಕೊನೆಯ ಎಲ್ಲೆಯನ್ನು ದಾಟಿದರು. ಅಲ್ಲಿಯೇ ಕೊನೆಯ ಉಗ್ರಾಣವನ್ನು ಮಾಡಿ, ಪೆಟ್ಟಿಗೆಗಳ ಹಲಗೆಗಳನ್ನು ಸೀಳಿ, ಕಪ್ಪು ಬಳಿದು, ನೂರು ಹೆಜ್ಜೆಗೊಂದರಂತೆ ಎರಡೂ ಕಡೆಗೆ ನೆಟ್ಟರು. ಧ್ರುವವು ಇನ್ನೇನು ಕೈಗೆ ಸಿಕ್ಕಿತೆಂಬ ಗಳಿಗೆಯಲ್ಲಿಯೂ ಮರಳುವ ದಾರಿಯನ್ನು ಅವರು ಮರೆಯಲಿಲ್ಲ.

1911ನೆಯ ಇಸವಿ ಡಿಸೆಂಬರ್ 14ರಂದು ಐವರೂ ದಕ್ಷಿಣ ಧ್ರುವವನ್ನು ತಲುಪಿದರು. ಐವರ ಕೈಗಳೂ ಕೂಡಿ ನಾರ್ವೆಯ ಧ್ವಜವನ್ನು ನೆಟ್ಟವು. ಅಳತೆಯಲ್ಲಿ ಸ್ವಲ್ಪ ವ್ಯತ್ಯಾಸವಿದ್ದರೂ ಧ್ರುವಬಿಂದು ಕೈತಪ್ಪಬಾರದೆಂದು ಮೂವರು ಮೂರು ದಿಕ್ಕುಗಳಿಗೆ ಸುಮಾರು ಇಪ್ಪತ್ತು ಕಿಲೋಮೀಟರ್ ವರೆಗೆ ಹೋಗಿ ಗುರುತು ನೆಟ್ಟು ಬಂದರು. ಸೂರ್ಯನ ಎತ್ತರವನ್ನು ಮತ್ತೆ ಮತ್ತೆ ಅಳೆದು, ಒಂದು ಚಿಕ್ಕ ಗುಡಾರವನ್ನು ನಿಲ್ಲಿಸಿ, ಅದರಲ್ಲಿ ತಮ್ಮ ದೊರೆಗೊಂದು ಪತ್ರವನ್ನೂ ಸ್ಕಾಟನಿಗೊಂದು ಪತ್ರವನ್ನೂ ಇರಿಸಿದರು. ತಾವು ದಾರಿಯಲ್ಲಿ ಅಳಿದರೂ ಸುದ್ದಿ ಉಳಿಯಲೆಂಬುದು ಅದರ ಉದ್ದೇಶ.

ಮರಳುವ ಪಯಣದಲ್ಲಿ ಗುಪ್ಪೆಗಳ ಬೆಲೆ ತಿಳಿಯಿತು. ಪ್ರಸ್ಥಭೂಮಿಯ ಒಂದೆಡೆಯಲ್ಲಿ, ಹೋಗುವಾಗ ಮಂಜಿನಲ್ಲಿ ಕಾಣದಿದ್ದ ಬೆಟ್ಟಗಳು ಬರುವಾಗ ತಿಳಿಯಾದ ಬಿಸಿಲಿನಲ್ಲಿ ಕಾಣಿಸಿಕೊಂಡು, ನಡೆದ ನೆಲವೇ ಅಪರಿಚಿತವೆಂಬಂತೆ ತೋರಿತು. ಅಲ್ಲಿನ ಉಗ್ರಾಣವು ಹಿಂದೆ ಉಳಿಯಿತು. ಇಬ್ಬರು ಹಿಂದಕ್ಕೆ ಹೋಗಿ ಆಹಾರವನ್ನು ಹೊತ್ತು ತರಬೇಕಾಯಿತು. ಕಣ್ಣಿನ ನೆನಪು ಎಷ್ಟು ದುರ್ಬಲವೆಂಬುದಕ್ಕೆ ಇದೇ ಸಾಕ್ಷಿ. ಹಿಮಹಾಸಿಗೆ ಇಳಿದ ಮೇಲೆ ಒಂದು ಗುಪ್ಪೆಯಿಂದ ಮತ್ತೊಂದು ಗುಪ್ಪೆಗೆ, ಒಂದು ಉಗ್ರಾಣದಿಂದ ಮತ್ತೊಂದು ಉಗ್ರಾಣಕ್ಕೆ ಅವರು ಸಾಗಿದರು. ಒಂದು ದಿನ ಎರಡು ಕಡಲಹಕ್ಕಿಗಳು ಎಲ್ಲಿಂದಲೋ ಹಾರಿಬಂದು ಹಿಮದ ಗುಪ್ಪೆಯೊಂದರ ಮೇಲೆ ಕುಳಿತವು. ಅಷ್ಟು ದಿನ ಜೀವವೇ ಇಲ್ಲದ ನಾಡಿನಲ್ಲಿ ಅಲೆದವರಿಗೆ ಅವು ಜೀವಲೋಕದ ದೂತರಂತೆ ಕಂಡವು. 1912ನೆಯ ಇಸವಿ ಜನವರಿ 25ರಂದು ಐವರೂ 11 ನಾಯಿಗಳೊಡನೆ ಸುರಕ್ಷಿತವಾಗಿ ಫ್ರಾಮ್‌ಹೈಮನ್ನು ಸೇರಿದರು. ಸುಮಾರು 3,000 ಕಿಲೋಮೀಟರುಗಳ ಆ ಪಯಣಕ್ಕೆ ಹಿಡಿದದ್ದು 99 ದಿನ.

ಸ್ಕಾಟನೂ ಆತನ ನಾಲ್ವರು ಸಂಗಡಿಗರೂ 1912ರ ಜನವರಿ 17ರಂದು ಧ್ರುವವನ್ನು ತಲುಪಿದರು. ಅಲ್ಲಿ ಅವರಿಗೆ ಕಂಡದ್ದು ಅಮುಂಡ್‌ಸೆನ್ನನ ಗುಡಾರ. ನೊಂದ ಮನಸ್ಸಿನಿಂದ ಅವರು ಹಿಂದಿರುಗಿದರು. ಅವರೂ ದಾರಿಯಲ್ಲಿ ಹಿಮಗುಪ್ಪೆಗಳನ್ನು ಕಟ್ಟಿದ್ದರು, ಉಗ್ರಾಣಗಳನ್ನು ಮಾಡಿದ್ದರು. ಆದರೆ ಬಂಡಿಗಳನ್ನು ತಾವೇ ಎಳೆಯುತ್ತಿದ್ದುದರಿಂದ ಬಹಳ ಬಳಲಿದ್ದರು. ಆಹಾರ ಸಾಲದಾಯಿತು, ಸೀಮೆಎಣ್ಣೆ ಕೊರತೆಬಿದ್ದಿತು, ಚಳಿ ಎಂದಿಗಿಂತ ಉಗ್ರವಾಯಿತು. ಒಂದು ಟನ್ ಆಹಾರವಿದ್ದ ಉಗ್ರಾಣವನ್ನು ಹಿಂದಿನ ವರ್ಷ ಮೊದಲು ಎಣಿಸಿದ್ದ ಸ್ಥಳಕ್ಕಿಂತ ಐವತ್ತು ಕಿಲೋಮೀಟರಿಗೂ ಹೆಚ್ಚು ಉತ್ತರದಲ್ಲಿ ಇಡಬೇಕಾಗಿ ಬಂದಿತ್ತು. ಇಬ್ಬರು ದಾರಿಯಲ್ಲಿಯೇ ತೀರಿಕೊಂಡರು. ಸ್ಕಾಟ್, ವಿಲ್ಸನ್ ಮತ್ತು ಬವರ್ಸ್ ಎಂಬ ಮೂವರು ಆ ಉಗ್ರಾಣಕ್ಕೆ ಇನ್ನು ಸುಮಾರು ಇಪ್ಪತ್ತು ಕಿಲೋಮೀಟರ್ ದೂರವಿರುವಾಗ ಬಿರುಗಾಳಿಗೆ ಸಿಕ್ಕಿ, ಮಾರ್ಚ್ ತಿಂಗಳ ಕೊನೆಯಲ್ಲಿ ಗುಡಾರದಲ್ಲಿಯೇ ಮಡಿದರು. ಅವರ ಧೈರ್ಯವು ಯಾರ ಧೈರ್ಯಕ್ಕೂ ಕಡಿಮೆಯಾದುದಲ್ಲ. ಅವರ ಸಾವಿಗೆ ಒಂದೇ ಕಾರಣವನ್ನು ಹೇಳುವುದೂ ಸರಿಯಲ್ಲ. ಆ ವರ್ಷದ ನವೆಂಬರ್ ತಿಂಗಳಿನಲ್ಲಿ ಹುಡುಕಿ ಬಂದ ಗೆಳೆಯರು ಗುಡಾರವನ್ನು ಅವರ ಮೇಲೆಯೇ ಇಳಿಸಿ, ಅದರ ಮೇಲೆ ಹಿಮದ ದೊಡ್ಡ ಗುಪ್ಪೆಯನ್ನು ಕಟ್ಟಿ, ಶಿಲುಬೆಯನ್ನು ನಿಲ್ಲಿಸಿದರು. ದಾರಿ ತೋರಬೇಕಾದ ಗುಪ್ಪೆ ಅಲ್ಲಿ ಸಮಾಧಿಯಾಯಿತು.

ಹಿಮದಿಂದ ಕಟ್ಟಿದ ಗುಪ್ಪೆಗಳು ಬಹುಕಾಲ ಬಾಳುವುದಿಲ್ಲ. ಅಮುಂಡ್‌ಸೆನ್ನನ 150 ಗುಪ್ಪೆಗಳೂ ಹಿಮದಡಿಯಲ್ಲಿ ಮರೆಯಾದವು. ಆದರೆ ಮರಳುವಾಗ ಪರ್ವತದ ತಪ್ಪಲಿನಲ್ಲಿ, ಮೌಂಟ್ ಬೆಟಿ ಎಂಬಲ್ಲಿ ಕಲ್ಲುಗಳು ಸಿಕ್ಕಿದ್ದವು. ಅಲ್ಲಿ ಅವರು ನಿಜವಾದ ಕಲ್ಲುಗುಪ್ಪೆಯೊಂದನ್ನು ಕಟ್ಟಿ, 17 ಲೀಟರ್ ಸೀಮೆಎಣ್ಣೆಯ ಡಬ್ಬವನ್ನೂ ಬೆಂಕಿಪೊಟ್ಟಣಗಳನ್ನೂ ತಮ್ಮ ಯಾತ್ರೆಯ ವರದಿಯನ್ನೂ ಅದರಲ್ಲಿರಿಸಿದರು. ಆ ಎಣ್ಣೆ ಅವರಿಗೆ ಮತ್ತೆ ಬೇಕಾಗಿರಲಿಲ್ಲ. ಮುಂದೆ ಎಂದಾದರೂ ಆ ದಾರಿಯಲ್ಲಿ ಬರುವವನಿಗೆ ಅದು ಒದಗಬಹುದಾಗಿತ್ತು. 1929ರ ಡಿಸೆಂಬರ್ ತಿಂಗಳಿನಲ್ಲಿ ಅಮೆರಿಕದ ಭೂವಿಜ್ಞಾನಿ ಲಾರೆನ್ಸ್ ಗೌಲ್ಡನ ತಂಡವು ಆ ಗುಪ್ಪೆಯನ್ನು ಕಂಡುಹಿಡಿಯಿತು. ಅದು ಇಂದು ಅಂಟಾರ್ಕ್ಟಿಕದ ಸಂರಕ್ಷಿತ ಸ್ಮಾರಕಗಳಲ್ಲೊಂದು.

ಆ ಗುಪ್ಪೆ ಲೋಕದ ಕಣ್ಣಿಗೆ ಬೀಳುವ ವೇಳೆಗೆ ಅಮುಂಡ್‌ಸೆನ್ನನು ಬದುಕಿರಲಿಲ್ಲ. 1926ನೆಯ ಇಸವಿ ಮೇ 12ರಂದು ಆತನು ನೋರ್ಗೆ ಎಂಬ ವಾಯುನೌಕೆಯಲ್ಲಿ ಉತ್ತರ ಧ್ರುವದ ಮೇಲೆ ಹಾರಿ, ಎರಡು ಧ್ರುವಗಳನ್ನೂ ಕಂಡವನೆನಿಸಿದನು. ಆ ವಾಯುನೌಕೆಯ ಚಾಲಕನು ಇಟಲಿಯ ನೋಬಿಲೆ. ಯಾತ್ರೆಯ ಬಳಿಕ ಕೀರ್ತಿಯ ವಿಷಯವಾಗಿ ಇಬ್ಬರಿಗೂ ಮನಸ್ತಾಪವಾಯಿತು. ಎರಡು ವರ್ಷಗಳ ಮೇಲೆ ನೋಬಿಲೆಯ ಇಟಾಲಿಯ ಎಂಬ ವಾಯುನೌಕೆಯು ಉತ್ತರದ ಹಿಮದ ಮೇಲೆ ಬಿದ್ದು ಒಡೆಯಿತು. ಸುದ್ದಿ ಕೇಳಿದ ಅಮುಂಡ್‌ಸೆನ್ನನು ಹಗೆತನವನ್ನು ಮರೆತು ನೆರವಿಗೆ ಮುಂದಾದನು. 1928ರ ಜೂನ್ 18ರಂದು ಐವರು ಸಂಗಡಿಗರೊಡನೆ ವಿಮಾನವನ್ನೇರಿ ನಾರ್ವೆಯ ಟ್ರೋಮ್ಸೊ ಪಟ್ಟಣದಿಂದ ಹೊರಟವನು ಮತ್ತೆ ಮರಳಲಿಲ್ಲ. ನೋಬಿಲೆಯನ್ನು ಬೇರೆಯವರು ಉಳಿಸಿದರು. ಅಮುಂಡ್‌ಸೆನ್ನನ ವಿಮಾನದ ತೇಲುಗವೊಂದು ಮಾತ್ರ ಅದೇ ವರ್ಷದ ಆಗಸ್ಟ್ ತಿಂಗಳ ಕೊನೆಯಲ್ಲಿ ಸಮುದ್ರದಲ್ಲಿ ದೊರೆಯಿತು. ಹಿಮದ ಮೇಲೆ ಅಷ್ಟೊಂದು ಗುರುತುಗಳನ್ನು ನಿಲ್ಲಿಸಿದವನಿಗೆ ಕಡಲಿನ ಮೇಲೆ ಗುರುತು ನಿಲ್ಲಿಸುವ ಬಗೆ ಇರಲಿಲ್ಲ.

ದಕ್ಷಿಣ ಧ್ರುವದಲ್ಲಿ ಅಮೆರಿಕದವರು ನಡೆಸುತ್ತಿರುವ ವಿಜ್ಞಾನಕೇಂದ್ರಕ್ಕೆ ಅಮುಂಡ್‌ಸೆನ್-ಸ್ಕಾಟ್ ಕೇಂದ್ರವೆಂದು ಹೆಸರು. ಗೆದ್ದು ಮರಳಿದವನನ್ನೂ ಮರಳದೆ ಮಡಿದವನನ್ನೂ ಲೋಕವು ಒಟ್ಟಿಗೆ ನೆನೆದಿರುವುದು ಉಚಿತವಾಗಿದೆ. ಸಾಹಸವೆಂದರೆ ಹಿಂದುಮುಂದು ನೋಡದೆ ಮುನ್ನುಗ್ಗುವುದೆಂದು ಅನೇಕರು ತಿಳಿಯುತ್ತಾರೆ. ಅಮುಂಡ್‌ಸೆನ್ನನ ಸಾಹಸವು ಹಾಗಿರಲಿಲ್ಲ. ತನ್ನ ನೆನಪು ತಪ್ಪಬಹುದು, ಕಣ್ಣು ಮೋಸಹೋಗಬಹುದು, ಹವೆ ಕೈಕೊಡಬಹುದು ಎಂಬುದನ್ನು ಆತನು ಪ್ರತಿ ಐದು ಕಿಲೋಮೀಟರಿಗೊಮ್ಮೆ ನೆನೆದುಕೊಂಡನು. ನೆನೆದಾಗಲೆಲ್ಲ ನಿಂತು, ಅರವತ್ತು ಇಟ್ಟಿಗೆಗಳನ್ನು ಕೊರೆದು, ಗುಪ್ಪೆಯೊಂದನ್ನು ಕಟ್ಟಿ, ಅದರೊಳಗೆ ಮನೆಯ ದಿಕ್ಕನ್ನು ಬರೆದಿಟ್ಟು ಮುಂದೆ ನಡೆದನು. ಆತನನ್ನು ನಂಬಿ ಹೋದ ನಾಲ್ವರೂ ಮನೆಗೆ ಮರಳಿದರು.